‘ಪ್ರಮಾಣ’ ಎಂಬ ಪದದ ಎರಡು ಅರ್ಥಗಳು: ಕೆರೆಯ ಮಾಲಿನ್ಯ ಮತ್ತು ಏಕಮಾನಗಳ ಪರಿವರ್ತನೆ

ಕೆರೆಗಳ ಮಾಲಿನ್ಯವನ್ನು ಕುರಿತ ಕನ್ನಡ ಬರೆಹಗಳಲ್ಲಿ ಪದೇ ಪದೇ ಬಳಕೆಯಾಗುವ ಪದ ‘ಪ್ರಮಾಣ’. ‘ನೀರಿನಲ್ಲಿ ರಂಜಕದ ಪ್ರಮಾಣ ಇಳಿದಿದೆ’ ಎಂಬ ವಾಕ್ಯವು ಎರಡು ಭಿನ್ನ ಸಂಗತಿಗಳನ್ನು ಸೂಚಿಸಬಲ್ಲದು. ಒಂದು ಲೀಟರ್ ನೀರಿನಲ್ಲಿ ರಂಜಕ ಎಷ್ಟಿದೆ ಎಂಬುದು ಮೊದಲನೆಯದು. ಇಡೀ ಕೆರೆಯ ನೀರಿನಲ್ಲಿ ಒಟ್ಟು ಎಷ್ಟಿದೆ ಎಂಬುದು ಎರಡನೆಯದು. ಮೊದಲನೆಯದನ್ನು ಸಾರತೆ ಎಂದೂ ಎರಡನೆಯದನ್ನು ದ್ರವ್ಯರಾಶಿ ಎಂದೂ ಕರೆಯಬಹುದು. ಈ ಭೇದವು ಭಾಷೆಯಲ್ಲಿ ಮಸುಕಾದರೆ ತಿಳಿವಳಿಕೆಯಲ್ಲಿಯೂ ಮಸುಕಾಗುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಉದಾಹರಣೆಯಾಗಿ ನೋಡಬಹುದು. ಕೊಳಚೆ ನೀರು ಮತ್ತು ಮಾರ್ಜಕಗಳಿಂದ ಉಂಟಾದ ನೊರೆ, 2015 ಹಾಗೂ 2017ರಲ್ಲಿ ಕಾಣಿಸಿಕೊಂಡ ಬೆಂಕಿ ಇವುಗಳಿಂದಾಗಿ ಈ ಕೆರೆಯು ದೇಶದ ಗಮನ ಸೆಳೆಯಿತು. ಇದರ ವಿಸ್ತೀರ್ಣ ಸುಮಾರು 900 ಎಕರೆ. ಕಂದಾಯದ ದಾಖಲೆಗಳು ಎಕರೆ ಮತ್ತು ಗುಂಟೆಗಳಲ್ಲಿ ಮಾತನಾಡಿದರೆ ಪ್ರಯೋಗಾಲಯದ ವರದಿಯು ಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತದೆ. ಈ ಎರಡು ಭಾಷೆಗಳನ್ನು ಬೆಸೆಯುವುದೇ ಏಕಮಾನಗಳ ಪರಿವರ್ತನೆ.

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಆದುದರಿಂದ 900 ಎಕರೆ ಸುಮಾರು 36.42 ಲಕ್ಷ ಚದರ ಮೀಟರ್ ಆಗುತ್ತದೆ. ನೀರಿನ ಸರಾಸರಿ ಆಳ 1 ಮೀಟರ್ ಎಂದು ಭಾವಿಸಿದರೆ ಗಾತ್ರವು 36.42 ಲಕ್ಷ ಘನ ಮೀಟರ್. ಒಂದು ಘನ ಮೀಟರಿನಲ್ಲಿ 1,000 ಲೀಟರುಗಳಿವೆ. 1,000 ಮಿಲಿಗ್ರಾಂ ಒಂದು ಗ್ರಾಂ. ಹೀಗಾಗಿ ಲೀಟರಿಗೆ 1 ಮಿಲಿಗ್ರಾಂ ಎಂಬುದೂ ಘನ ಮೀಟರಿಗೆ 1 ಗ್ರಾಂ ಎಂಬುದೂ ಒಂದೇ. ರಂಜಕದ ಸಾರತೆ ಲೀಟರಿಗೆ 2 ಮಿಲಿಗ್ರಾಂ ಎಂದು ಊಹಿಸಿಕೊಂಡರೆ ಒಟ್ಟು ದ್ರವ್ಯರಾಶಿ 72.84 ಲಕ್ಷ ಗ್ರಾಂ, ಅಂದರೆ 7,284 ಕಿಲೋಗ್ರಾಂ. ಕಣ್ಣಿಗೆ ಅಲ್ಪವೆನಿಸುವ ‘2’ ಎಂಬ ಅಂಕಿಯ ಹಿಂದೆ ಏಳು ಟನ್ನಿಗೂ ಮಿಗಿಲಾದ ರಂಜಕವಿದೆ.

ಇನ್ನು, ಮಳೆಯ ನೀರು ತುಂಬಿ, ವಿಸ್ತೀರ್ಣ ಅಷ್ಟೇ ಇದ್ದು, ಸರಾಸರಿ ಆಳವು 2 ಮೀಟರಿಗೆ ಏರಿತೆಂದು ಭಾವಿಸೋಣ. ಹೊಸ ರಂಜಕ ಸೇರದೆ, ಇದ್ದುದು ಹೊರಹೋಗದೆ ಇದ್ದಲ್ಲಿ ಸಾರತೆಯು ಲೀಟರಿಗೆ 1 ಮಿಲಿಗ್ರಾಂಗೆ ಇಳಿಯುತ್ತದೆ. ದ್ರವ್ಯರಾಶಿ ಮಾತ್ರ ಅದೇ 7,284 ಕಿಲೋಗ್ರಾಂ. ಆಗ ‘ಪ್ರಮಾಣ ಇಳಿದಿದೆ’ ಎಂದರೆ ಒಂದರ್ಥದಲ್ಲಿ ನಿಜ, ಇನ್ನೊಂದರ್ಥದಲ್ಲಿ ಸುಳ್ಳು. ಬೇಸಿಗೆಯಲ್ಲಿ ನೀರು ಆವಿಯಾದಾಗ ಇದೇ ಗೊಂದಲವು ತಿರುವುಮುರುವಾಗಿ ಮರುಕಳಿಸುತ್ತದೆ.

ಈ ಲೆಕ್ಕಕ್ಕೆ ಮಿತಿಗಳಿವೆ. ಕೆರೆಯ ಆಳವು ಎಲ್ಲೆಡೆ ಸಮನಲ್ಲ, ಸಾರತೆಯೂ ಅಷ್ಟೆ. ತಳದ ಹೂಳಿನಲ್ಲಿ ಸೇರಿಕೊಂಡಿರುವ ರಂಜಕವು ಇಲ್ಲಿ ಎಣಿಕೆಗೆ ಬರುವುದಿಲ್ಲ. ಅದು ಮತ್ತೆ ನೀರಿಗೆ ಮರಳಬಲ್ಲುದು. ಆದುದರಿಂದ ಒಂದೇ ಮಾದರಿಯನ್ನು ನೆಚ್ಚದೆ ಹಲವು ಕಡೆಗಳ ಸರಾಸರಿಯನ್ನು ಬಳಸುವುದು ಸೂಕ್ತ.

ನೀರು ಬಳಕೆಗೆ ಯೋಗ್ಯವೇ ಎಂಬ ಪ್ರಶ್ನೆಗೆ ಸಾರತೆ ಉತ್ತರಿಸುತ್ತದೆ; ಕೆರೆಯಿಂದ ಎಷ್ಟನ್ನು ತೆಗೆಯಬೇಕು ಎಂಬ ಪ್ರಶ್ನೆಗೆ ದ್ರವ್ಯರಾಶಿ ಬೇಕು. ಸಾರತೆ, ದ್ರವ್ಯರಾಶಿ ಎಂಬ ಪದಗಳು ಪಠ್ಯಪುಸ್ತಕದ ಪುಟಗಳಿಗೆ ಸೀಮಿತವಾಗಿ, ಸಾರ್ವಜನಿಕ ಬರೆಹದಲ್ಲಿ ‘ಪ್ರಮಾಣ’ವೊಂದೇ ಎರಡರ ಭಾರವನ್ನೂ ಹೊರುವುದು ಪರಿಭಾಷೆಯ ಬಡತನದಿಂದಲ್ಲ, ಬಳಕೆಯ ಅಲಕ್ಷ್ಯದಿಂದ. ಅಂಕಿಯೊಡನೆ ಏಕಮಾನವನ್ನೂ ತಪ್ಪದೆ ಬರೆಯುವುದು ಈ ಅಲಕ್ಷ್ಯವನ್ನು ನೀಗುವ ಮೊದಲ ಹೆಜ್ಜೆ.