ಆಳಿಗೆ ತಕ್ಕ ಹಾಯಿ

ಕಳೆದ ತಿಂಗಳ ಒಂದು ಸಂಜೆ ಬಲ್ಮಠದ ನಮ್ಮ ಕಾರ್ಯಾಲಯಕ್ಕೆ ಸರಕಾರಿ ಅಧಿಕಾರಿಗಳೊಬ್ಬರು ದಯಮಾಡಿಸಿದ್ದರು. ಪ್ರಕಟಣೆಯ ಕಾಗದವನ್ನಾಗಲಿ ದೂರಿನ ಅರ್ಜಿಯನ್ನಾಗಲಿ ಅವರು ತಂದಿರಲಿಲ್ಲ. ಅವರ ಹದಿನೈದು ವರುಷದ ಮಗನು ಪರವೂರಿನ ಒಂದು ಶಿಬಿರದಲ್ಲಿ ಹಾಯಿದೋಣಿಯ ಪಂದ್ಯವನ್ನು ಅಭ್ಯಾಸಮಾಡುತ್ತಿದ್ದಾನೆ. ಒಬ್ಬನೇ ಕುಳಿತು ಚುಕ್ಕಾಣಿಯನ್ನೂ ಹಾಯಿಯ ಹಗ್ಗವನ್ನೂ ತಾನೇ ಹಿಡಿಯತಕ್ಕ ಚಿಕ್ಕ ದೋಣಿ. ಬೆಳಗ್ಗೆ ಗಾಳಿ ಮಂದವಾಗಿರುವಾಗ ಅವನು ಎಲ್ಲರಿಗಿಂತ ಮುಂದೆ. ಮಧ್ಯಾಹ್ನ ಕಡಲಗಾಳಿ ಏರಿದೊಡನೆ ಎಲ್ಲರಿಗಿಂತ ಹಿಂದೆ, ಎರಡು ಮೂರು ಸಲ ದೋಣಿ ಮಗುಚಿ ನೀರುಪಾಲು. ಕಲಿಸುವವರು, "ಹುಡುಗನಿಗೆ ತೂಕ ಸಾಲದು, ಚೆನ್ನಾಗಿ ಉಣ್ಣಿಸಿ, ಇಪ್ಪತ್ತು ಕಿಲೊ ಏರಿಸಿ" ಎಂದರಂತೆ. ಹುಡುಗನ ತೂಕ 52 ಕಿಲೊ. "ರಾಯರೇ, ಇವನನ್ನು ಬಿಡಿಸಿಬಿಡಲೇ?" ಎಂದು ತಂದೆ ಕೇಳಿದರು.

ಹಾಯಿ ಎಷ್ಟು ದೊಡ್ಡದೆಂದು ನಾವು ಕೇಳಿದೆವು. ಅದು ಅವರಿಗೆ ತಿಳಿದಿರಲಿಲ್ಲ. ಮರುದಿನ ತಂತಿಯಷ್ಟೇ ಚುಟುಕಾದ ಉತ್ತರ ಬಂದಿತು: ಏಳು ಚದರ ಮೀಟರು, ಒಲಿಂಪಿಕ್ಸಿನದೇ.

ಬಲ್ಮಠದಿಂದ ಬಾವುಟೆಗುಡ್ಡೆಗೆ ನಡೆದುಹೋಗಿ ಪಶ್ಚಿಮಕ್ಕೆ ಮುಖಮಾಡಿ ನಿಂತವರಿಗೆಲ್ಲ ಕಡಲು ಕಾಣುವುದು. ಆದರೆ ಕಡಲನ್ನು ಕಾಣುವುದು ಬೇರೆ, ಗಾಳಿಯ ಲೆಕ್ಕವನ್ನು ಅರಿಯುವುದು ಬೇರೆ. ಹಳೆಯ ಬಂದರದ ತಂಡೇಲರು ಶಾಲೆಯನ್ನು ಕಂಡವರಲ್ಲದಿದ್ದರೂ ಈ ಲೆಕ್ಕವನ್ನು ಬಲ್ಲವರಾಗಿದ್ದರು. ಗಾಳಿ ಬಲಿಯುವಾಗ ದೊಡ್ಡ ಹಾಯಿಯನ್ನಿಳಿಸಿ ಚಿಕ್ಕದನ್ನೇರಿಸುವುದು ಅವರಿಗೆ ಅವಮಾನವೆನಿಸುತ್ತಿರಲಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಣ ಒತ್ತಡವು ನಾಲ್ಮಡಿಯಾಗುವುದು. ಉರುವಿಗಾದರೆ ಹೊಟ್ಟೆಯಲ್ಲಿ ಸರಕಿನ ಭಾರವಿದೆ. ಪಂದ್ಯದ ಚಿಕ್ಕ ದೋಣಿಗೆ ಏನಿದೆ? ಅದನ್ನು ಒರಗದಂತೆ ನಿಲ್ಲಿಸುವ ಭಾರವೆಂದರೆ ಆಳಿನ ಮೈ ಒಂದೇ. ಅವನು ಗಾಳಿ ಬರುವ ಕಡೆಯ ಅಂಚಿನಲ್ಲಿ ಕುಳಿತು, ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲಕ್ಕೆ ಚಾಚಬೇಕು. ಹಾಯಿಯು ಅತ್ತ ಎಳೆಯುವಷ್ಟು ಇವನು ಇತ್ತ ಎಳೆದರೆ ದೋಣಿ ನೆಟ್ಟಗೆ ಓಡುವುದು. ಎಳೆಯಲಾರದಿದ್ದರೆ ಹಗ್ಗವನ್ನು ಸಡಿಲಬಿಟ್ಟು ಗಾಳಿಯನ್ನು ಚೆಲ್ಲಬೇಕು. ಹಾಗೆ ಚೆಲ್ಲುವವನಿಗೆ ದೊಡ್ಡ ಹಾಯಿ ಇದ್ದು ಪ್ರಯೋಜನವೇನು?

ನಾವು ಹೇಳುತ್ತಿರುವ ದೋಣಿಯು ಲೇಸರ್ ಎಂದು ಹೆಸರಾದುದು. 2019ರಿಂದೀಚೆಗೆ ಅದಕ್ಕೆ ಇಲ್ಕಾ ಎಂದು ನಾಮಾಂತರವಾಗಿದೆ. ಕೆನಡಾ ದೇಶದ ಬ್ರೂಸ್ ಕರ್ಬಿ ಎಂಬವರು ಇದರ ನಕ್ಷೆಯನ್ನು ಬರೆದರು. 1971ರಲ್ಲಿ ಇದು ಮಾರುಕಟ್ಟೆಗೆ ಬಂದಿತು. ಸುಮಾರು 4.2 ಮೀಟರು ಉದ್ದ, 59 ಕಿಲೊ ಭಾರ. ಇದರಲ್ಲಿ ನಮಗೆ ಅತ್ಯಂತ ಮೆಚ್ಚಿಕೆಯಾದ ಅಂಶವೆಂದರೆ, ದೋಣಿಯ ಒಡಲೊಂದೇ ಇದ್ದು ಹಾಯಿಗಳು ಮೂರಿರುವುದು: ಇಲ್ಕಾ 4ಕ್ಕೆ 4.7 ಚದರ ಮೀಟರು, ಇಲ್ಕಾ 6ಕ್ಕೆ 5.76, ಇಲ್ಕಾ 7ಕ್ಕೆ 7.06. ಹಾಯಿಕಂಬದ ಕೆಳಗಿನ ತುಂಡನ್ನೂ ಹಾಯಿಯನ್ನೂ ಬದಲಿಸಿದರೆ ಸಾಕು. ಗರಡಿಯಲ್ಲಿ ಮಲ್ಲರನ್ನು ತೂಕಕ್ಕನುಸಾರವಾಗಿ ವಿಂಗಡಿಸುವರಷ್ಟೆ. ಇಲ್ಲಿ ಬಟ್ಟೆಯನ್ನು ವಿಂಗಡಿಸಿ ಅದೇ ಕೆಲಸವನ್ನು ಸಾಧಿಸಿದ್ದಾರೆ. (ಮಿಶನ್ನಿನ ಮಗ್ಗಗಳು ಒಂದು ಕಾಲದಲ್ಲಿ ಸದ್ದುಮಾಡಿದ ಬಲ್ಮಠದಲ್ಲಿ ಕುಳಿತು ಬಟ್ಟೆಯ ಅಳತೆಯನ್ನು ಕುರಿತು ಬರೆಯುವುದು ಅನುಚಿತವಾಗಲಾರದು. ಆದರೆ ಈಗಿನ ಹಾಯಿ ಹತ್ತಿಯದಲ್ಲ, ಪಾಲಿಯೆಸ್ಟರಿನದು.)

ವಾಚಕರು ಒಂದು ಚಿಕ್ಕ ಭಾಗಾಕಾರವನ್ನು ಮಾಡಿ ನೋಡಬೇಕು. ದೊಡ್ಡ ಹಾಯಿಯಲ್ಲಿ ಮುಂದಾಳಾಗುವವರ ತೂಕ ಸಾಮಾನ್ಯವಾಗಿ 80 ಕಿಲೊಗಳ ಆಸುಪಾಸು. ಅದನ್ನು 7.06ರಿಂದ ಭಾಗಿಸಿದರೆ ಚದರ ಮೀಟರಿಗೆ 11 ಕಿಲೊಗಳಿಗೆ ತುಸು ಮೇಲು. ಇದೇ ಪ್ರಮಾಣವನ್ನು ನಡುವಣ ಹಾಯಿಗೆ ಹಿಡಿದರೆ 65 ಕಿಲೊ, ಚಿಕ್ಕದಕ್ಕೆ 53. ಅನುಭವಿಗಳು ಹೇಳುವ ತೂಕಗಳು ಇವುಗಳಿಂದ ಬಹುದೂರವಿಲ್ಲ. ನಮ್ಮ ಅಧಿಕಾರಿಗಳ ಮಗನಿಗೆ ದೊಡ್ಡ ಹಾಯಿಯಲ್ಲಿ ದೊರೆತುದು ಚದರ ಮೀಟರಿಗೆ 7 ಕಿಲೊ ಚಿಲ್ಲರೆ. ಮೇಲಾಗಿ ಚಿಕ್ಕ ಹಾಯಿಗೆ ಕಂಬವೂ ಗಿಡ್ಡ. ಗಾಳಿಯ ಒತ್ತು ಕೆಳಗೆ ಬೀಳುವುದರಿಂದ ಒರಗಿಸುವ ಬಲವು ಇನ್ನಷ್ಟು ಕುಗ್ಗುವುದು. ಹುಡುಗನು ಬೆಳಗ್ಗೆ ಗೆಲ್ಲುತ್ತಿದ್ದುದರ ಮರ್ಮವೂ ಇದರಲ್ಲಿಯೇ ಇದೆ. ಮಂದಗಾಳಿಯಲ್ಲಿ ಹಗುರ ಮೈಗೆ ದೊಡ್ಡ ಹಾಯಿ ವರಪ್ರಸಾದವೇ ಸರಿ. ಬೆಳಗ್ಗೆ ಮಾತ್ರ ನೋಡಿ ಹಾಯಿಯನ್ನು ಆರಿಸಿದವರು ಮೋಸಹೋಗುವರು. ತದ್ವಿರುದ್ಧವಾಗಿ 80 ಕಿಲೊಗಳ ಆಳು ಚಿಕ್ಕ ಹಾಯಿಯನ್ನು ಕಟ್ಟಿಕೊಂಡರೆ ಎಳೆಗಾಳಿಯಲ್ಲಿ ದೋಣಿ ನೀರಿಗೆ ಅಂಟಿದಂತೆ ತೆವಳುವುದು.

ಹಾಯಿಯ ಹೊಟ್ಟೆಯನ್ನು ಹಗ್ಗಗಳಿಂದ ಬಿಗಿದು ಚಪ್ಪಟೆಮಾಡುವ ಉಪಾಯವುಂಟು. ಅದು ನಾಲ್ಕಾರು ಕಿಲೊಗಳ ಕೊರತೆಯನ್ನು ಮುಚ್ಚೀತು, ಇಪ್ಪತ್ತೆಂಟನ್ನಲ್ಲ. ಹಿಂದೆ ಕೆಲವರು ಉಣ್ಣೆಯಂಗಿಯ ಮೇಲೆ ಉಣ್ಣೆಯಂಗಿಯನ್ನು ತೊಟ್ಟು, ನೀರಿನಲ್ಲಿ ತೊಯ್ಯಿಸಿ, ಭಾರವನ್ನು ಕೊಂಡುಕೊಳ್ಳುತ್ತಿದ್ದರು. ಭಾರಕ್ಕೋಸ್ಕರ ಉಡುಪನ್ನು ತೊಡಬಾರದೆಂದು ಈಗ ನಿಯಮವಿದೆ. ತೊಟ್ಟುದೆಲ್ಲ ಸೇರಿ 8 ಕಿಲೊ ಮೀರಕೂಡದು. ಬೆಳೆಯುವ ಎಲುಬಿನ ಮೇಲೆ ಅಂಥ ಹೊರೆ ಹೊರಿಸಿದರೆ ಬೆನ್ನಿಗೆ ಗತಿಯೇನು? ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಎಂಬ ಮಹಾಪುರುಷನು 1948ರಿಂದ 1960ರ ವರೆಗೆ ನಾಲ್ಕು ಒಲಿಂಪಿಕ್ಸುಗಳಲ್ಲಿ ಒಂದರ ಮೇಲೊಂದು ಚಿನ್ನವನ್ನು ಗೆದ್ದನು. ಅವನು ಮನೆಯಲ್ಲಿ ಬೆಂಚಿನ ಮೇಲೆ ದೋಣಿಯಲ್ಲಿ ಚಾಚುವಂತೆಯೇ ಚಾಚಿ ಕುಳಿತು ತೊಡೆಗಳನ್ನು ಸಾಧಿಸುತ್ತಿದ್ದನು. ಸಾಧನೆ ಎಂದರೆ ಅದು. ಮೊಟ್ಟೆಗಳನ್ನು ತಿನ್ನಿಸಿ ಹುಡುಗನನ್ನು ಉಬ್ಬಿಸುವುದು ಸಾಧನೆಯಲ್ಲ.

ಚಿಕ್ಕ ಹಾಯಿ ಚಿಕ್ಕ ಮಕ್ಕಳದೆಂಬ ನಾಚಿಕೆ ಆ ಹುಡುಗನಿಗೂ ಇದ್ದಿತೆಂದು ಕೇಳಿದೆವು. ಅವನು ಕೇಳಬೇಕಾದ ಮಾತಿದೆ. 2018ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಹರ್ಷಿತಾ ತೋಮರ್ ಎಂಬ ಹದಿನಾರರ ಬಾಲೆಯು ಹುಡುಗರೂ ಹುಡುಗಿಯರೂ ಕೂಡಿ ಸೆಣಸಿದ ಪಂದ್ಯದಲ್ಲಿ ಕಂಚನ್ನು ಪಡೆದುದು ಇದೇ 4.7ರ ಹಾಯಿಯಲ್ಲಿ. 2023ರಲ್ಲಿ ನಡೆದ ಹಾಂಗ್‌ಝೌ ಕ್ರೀಡೆಗಳಲ್ಲಿ ನೇಹಾ ಠಾಕೂರ್ ಬೆಳ್ಳಿಯನ್ನು ತಂದುದೂ ಇದರಲ್ಲಿಯೇ. ಇಬ್ಬರೂ ಕಲಿತುದು ಭೋಪಾಲದ ಕೆರೆಯಲ್ಲಿ. ಕಡಲು ಅಲ್ಲಿಂದ ನೂರಾರು ಮೈಲಿ ದೂರ. ದೊಡ್ಡ ಹಾಯಿಗೆ ತಕ್ಕ ಮೈಯುಳ್ಳ ವಿಷ್ಣು ಸರವಣನ್ ಅದೇ ಹಾಂಗ್‌ಝೌದಲ್ಲಿ ಇಲ್ಕಾ 7ರಲ್ಲಿ ಕಂಚು ಗೆದ್ದು, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 18ನೆಯವರಾದರು. ನಡುವಣ ಹಾಯಿಯ ನೇತ್ರಾ ಕುಮನನ್ ಅಲ್ಲಿ 21ನೆಯವರು.

ಒಲಿಂಪಿಕ್ಸಿನ ಏರ್ಪಾಟಿನಲ್ಲಿ ನಮಗೊಂದು ಆಕ್ಷೇಪವಿದೆ. ಈ ದೋಣಿಯಲ್ಲಿ ಪುರುಷರಿಗೆ ಇಲ್ಕಾ 7, ಸ್ತ್ರೀಯರಿಗೆ ಇಲ್ಕಾ 6 ಎಂದು ಗೊತ್ತುಮಾಡಿದ್ದಾರೆ. 65 ಕಿಲೊಗಳ ಗಂಡಸಿಗೆ ಇದರಲ್ಲಿ ಎಡೆಯಿಲ್ಲ. ನಮ್ಮ ದೇಶದಲ್ಲಿ ಅಂಥವರೆಷ್ಟು ಮಂದಿ! ಅತಿಭಾರದ ಆಳುಗಳಿಗಿದ್ದ ಫಿನ್ ದೋಣಿಯನ್ನೂ 2021ರಲ್ಲಿ ನಡೆದ ಟೋಕಿಯೋ ಪಂದ್ಯಗಳ ತರುವಾಯ ಕೈಬಿಟ್ಟಿದ್ದಾರೆ. ಆದರೆ ಒಲಿಂಪಿಕ್ಸಿನ ಈ ಕಟ್ಟನ್ನು ಹದಿನೈದರ ಬಾಲಕನ ಕೊರಳಿಗೆ ಕಟ್ಟಿದವರು ನಾವೇ ಹೊರತು ಅವರಲ್ಲ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನವರ ತೃಷ್ಣಾ ಹಾಯಿದೋಣಿ ಸಂಘವಿದೆ. ನಮ್ಮ ತೀರದಲ್ಲಿ ನೇತ್ರಾವತಿ ಗುರುಪುರ ಹೊಳೆಗಳು ಕೂಡುವ ಅಳಿವೆಯಿದೆ, ಬೆಂಗ್ರೆಯ ಮರೆಯಲ್ಲಿ ಶಾಂತವಾದ ಹಿನ್ನೀರಿದೆ, ಮಧ್ಯಾಹ್ನದ ಗಾಳಿಯಂತೂ ಪುಕ್ಕಟೆ. ಮುಂದೆ ಯಾವ ಕಾಲೇಜಾಗಲಿ ಇಲಾಖೆಯಾಗಲಿ ಇಂಥ ದೋಣಿಗಳಿಗೆ ಬೇಡಿಕೆಪಟ್ಟಿ ಬರೆಯುವುದಾದರೆ, ಹತ್ತು ಒಡಲು ಹತ್ತು ದೊಡ್ಡ ಹಾಯಿ ಎಂದು ಬರೆದು ಕಡತವನ್ನು ಮುಚ್ಚಬಾರದು. ಒಡಲುಗಳು ಎರಡು ಕಡಮೆಯಾದರೂ ಚಿಂತೆಯಿಲ್ಲ, ಮೂರು ಅಳತೆಯ ಹಾಯಿಗಳೂ ಕೆಳಗಂಬಗಳೂ ಬರಲಿ. ತೂಗುವ ಯಂತ್ರವೊಂದೂ ಜೊತೆಗಿರಲಿ.

ಆ ಅಧಿಕಾರಿಗಳಿಂದ ಮೊನ್ನೆ ಕಾಗದ ಬಂದಿದೆ. ಮಗನಿಗೆ 4.7ರ ಹಾಯಿ ಕೊಡಿಸಿದ್ದಾರೆ. ಶಿಬಿರದಲ್ಲಿ ಅದೊಂದೇ ಇದ್ದುದರಿಂದ ಹದಿಮೂರರ ಹುಡುಗಿಯೊಬ್ಬಳೊಡನೆ ಸರದಿಯ ಮೇಲೆ ಬಳಸಬೇಕಾಗಿದೆಯಂತೆ. ಶನಿವಾರ ಮಧ್ಯಾಹ್ನದ ಗಾಳಿಯಲ್ಲಿ ದೋಣಿ ಒಮ್ಮೆ ಮಾತ್ರ ಮಗುಚಿತು. ತೂಕ 53.