ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ

ವಿಭಾಗದ ವಿದ್ಯಾರ್ಥಿಗಳೊಡನೆ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯೊಂದಕ್ಕೆ ಹೋಗಿದ್ದಾಗ ಏಳನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದಳು: “ಸರ, ಮಳಿ ಸಮುದ್ರದಿಂದ ಬರ್ತದಂದ್ರ ಮಳಿನೀರು ಉಪ್ಪ್ಯಾಕ ಇರಂಗಿಲ್ಲ?” ಪ್ರಶ್ನೆ ಚಿಕ್ಕದಾದರೂ ಜಲವಿಜ್ಞಾನದ ಮೂಲತತ್ತ್ವವೇ ಅದರಲ್ಲಿದೆ. ಮಕ್ಕಳಿಗೆ ಪಾಠ ಹೇಳಲಿರುವ ನಮ್ಮ ವಿದ್ಯಾರ್ಥಿಗಳಿಗೂ ಉತ್ತರ ತಿಳಿದಿರಬೇಕು.

ಅಗಲವಾದ ತಟ್ಟೆಯಲ್ಲಿ ಉಪ್ಪುನೀರನ್ನು ಬಿಸಿಲಿಗಿಡಿರಿ. ನೀರು ಆವಿಯಾಗಿ ಹೋಗುತ್ತದೆ. ಉಪ್ಪಿನ ಹರಳುಗಳು ತಳದಲ್ಲಿ ಉಳಿಯುತ್ತವೆ. ಬಿಸಿಲಿನ ಕಾವಿಗೆ ನೀರಿನ ಕಣಗಳು ಗಾಳಿಯನ್ನು ಸೇರಬಲ್ಲವು. ಕರಗಿದ ಉಪ್ಪು ಸೇರಲಾರದು. ಅರಬ್ಬೀ ಸಮುದ್ರದ ಮೇಲೆ ನಡೆಯುವುದೂ ಇದೇ. ಆದ್ದರಿಂದ ಮೋಡದಲ್ಲಿರುವುದು ಸಿಹಿನೀರು. ಮರಾಠಿಯಲ್ಲಿಯೂ ಇದು ‘ಗೋಡೇ ಪಾಣಿ’, ಎಂದರೆ ಸಿಹಿನೀರೇ. ಬಾಲ್ಯದಲ್ಲಿ ಆ ಮಾತನ್ನು ಕೇಳಿ, ಗೋಡೆಯಿಂದ ಒಸರುವ ನೀರೆಂದು ನಾನು ಭಾವಿಸಿದ್ದುಂಟು!

ನೈಋತ್ಯ ಮಾರುತಗಳು ಈ ಆವಿಯನ್ನು ಹೊತ್ತು ಸಹ್ಯಾದ್ರಿಯನ್ನೇರುತ್ತವೆ. ಮೇಲೇರಿದ ಗಾಳಿ ತಣಿದು ಮಳೆ ಸುರಿಸುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಅಧಿಕ ಮಳೆಯಾಗುತ್ತದೆ. ಬೆಟ್ಟವಿಳಿದ ಗಾಳಿ ಬಿಸಿಯಾಗಿ ಒಣಗುವುದರಿಂದ ಸೊಲ್ಲಾಪುರ, ಜತ್ತ ಸೀಮೆಗೆ ಅದರ ಐದನೆಯ ಒಂದು ಪಾಲೂ ದೊರೆಯದು. ನಮ್ಮದು ಮಳೆನೆರಳಿನ ನಾಡು.

ಹಾಗಾದರೆ ಕಡಲಿಗೆ ಉಪ್ಪು ಬಂದುದೆಲ್ಲಿಂದ? ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ. ಕಲ್ಲುಬಂಡೆಗಳಿಂದ ಲವಣಾಂಶವನ್ನು ಕರಗಿಸಿಕೊಳ್ಳುತ್ತದೆ. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಅದನ್ನು ಹೊತ್ತು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ನದಿಯಲ್ಲಿ ಲವಣ ಅತ್ಯಲ್ಪವಾದ್ದರಿಂದ ನಾಲಿಗೆಗೆ ತಿಳಿಯದು. ಆದರೆ ಕಡಲಿನಿಂದ ನೀರು ಮಾತ್ರ ಮತ್ತೆ ಮೇಲೇಳುತ್ತದೆ, ಲವಣ ಉಳಿಯುತ್ತದೆ. ಕಡಲ ತಳದ ಜ್ವಾಲಾಮುಖಿಗಳೂ ಬಿಸಿನೀರಿನ ಬುಗ್ಗೆಗಳೂ ತಮ್ಮ ಪಾಲು ಸೇರಿಸುತ್ತವೆ. ಕೋಟ್ಯಂತರ ವರ್ಷಗಳ ಈ ಸಂಚಯದಿಂದ ಇಂದು ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿದೆ.

ಭೂಮಿಯ ನೀರೆಲ್ಲ 100 ಕೊಡವೆಂದು ಎಣಿಸಿದರೆ ಸುಮಾರು 97 ಕೊಡ ಕಡಲಿನದು. ಉಳಿದ ಮೂರರಲ್ಲಿ ಸುಮಾರು ಎರಡು ಹಿಮವಾಗಿ ಗಟ್ಟಿಗೊಂಡಿವೆ. ಅಂತರ್ಜಲ, ಕೆರೆ, ನದಿಗಳೆಲ್ಲ ಕೂಡಿ ಒಂದು ಕೊಡದಷ್ಟು ಮಾತ್ರ.

ತಟ್ಟೆಯ ಪಾಠ ನಮ್ಮ ಹೊಲಕ್ಕೂ ಸಲ್ಲುತ್ತದೆ. ಕಾಲುವೆಯ ನೀರನ್ನು ಕಬ್ಬಿಗೆ ಮಿತಿಮೀರಿ ಹಾಯಿಸಿ, ಬಸಿದುಹೋಗಲು ದಾರಿ ಇಲ್ಲದಿದ್ದರೆ ಅಂತರ್ಜಲದ ಮಟ್ಟ ಏರುತ್ತದೆ. ಮೇಲ್ಮಣ್ಣಿಗೆ ಬಂದ ನೀರು ಆವಿಯಾಗುತ್ತದೆ. ಲವಣ ಬಿಳಿಯ ಪೊರೆಯಾಗಿ ನಿಲ್ಲುತ್ತದೆ. ಸವಳು ಭೂಮಿ ಹುಟ್ಟುವ ಒಂದು ಬಗೆ ಇದು. ಕಡಲಿಗೆ ಕೋಟ್ಯಂತರ ವರ್ಷಗಳು ಹಿಡಿದ ಕಾರ್ಯ ಎರೆಭೂಮಿಯಲ್ಲಿ ಒಂದೇ ತಲೆಮಾರಿನಲ್ಲಿ ಆಗಬಹುದು. ನೀರು ಕಡಿಮೆಯಾದರೆ ಬೆಳೆ ಒಣಗುತ್ತದೆ. ವಿವೇಕವಿಲ್ಲದೆ ಹೆಚ್ಚಾದರೆ ಭೂಮಿಯೇ ಕೆಡುತ್ತದೆ.

ಆ ಬಾಲಕಿಗೆ ನಾನು ಹೇಳಿದ್ದು ಇಷ್ಟೇ: “ಮೋಡ ನೀರನ್ನಷ್ಟ ಒಯ್ತದವ್ವಾ, ಉಪ್ಪು ಬಿಟ್ಟು ಹೋಗ್ತದ.” ಮರುದಿನ ತಟ್ಟೆಯನ್ನು ಬಿಸಿಲಿಗಿಟ್ಟು ನೋಡುವುದಾಗಿ ಆಕೆ ಮಾತು ಕೊಟ್ಟಳು.