ಕೆಲಸಗಾರರು ಬಿಟ್ಟು ಹೋಗದ ಕಂಪೆನಿ: ಹಸಿರು ವರದಿಯ ಒಳಗಿನ ಲೆಕ್ಕ

2023ರಲ್ಲಿ ದುಬೈಯಲ್ಲಿ ಕಾಪ್28 ಹವಾಮಾನ ಸಮ್ಮೇಳನ ನಡೆದ ಮೇಲೆ ಗಲ್ಫ್‌ನ ಕಂಪೆನಿಗಳ ಬಾಯಲ್ಲಿ ‘ಸಸ್ಟೇನೆಬಿಲಿಟಿ’ ಎಂಬ ಮಾತು ಹೆಚ್ಚಾಯಿತು. ಗಿಡ ನೆಡುವ ಫೋಟೋ, ಛಾವಣಿಯ ಸೋಲಾರ್ ಪ್ಯಾನೆಲ್, ಪ್ಲಾಸ್ಟಿಕ್ ಬಾಟಲಿ ಬೇಡ ಎಂಬ ಬೋರ್ಡು. ಕ್ಯಾಂಪ್‌ನಲ್ಲಿ ಇರುವವರಿಗೆ ಇದೆಲ್ಲ ಆಫೀಸಿನವರ ವಿಷಯ ಅನ್ನಿಸುವುದು ಸಹಜ. ಆದರೆ ಈ ವರದಿಗಳಿಗೆ ಹೆಚ್ಚಾಗಿ ಬಳಸುವ ಜಿಆರ್‌ಐ ಮಾನದಂಡದಲ್ಲಿ 401 ಎಂಬ ವಿಭಾಗವಿದೆ. ವರ್ಷದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು ಎಂದು ಅಲ್ಲಿ ಬರೆಯಬೇಕು. 403ರಲ್ಲಿ ಕೆಲಸದ ಜಾಗದ ಸುರಕ್ಷತೆ. ಅಂದರೆ ಬಿಟ್ಟುಹೋದ ಮೇಸನ್, ಡ್ರೈವರ್ ಕೂಡ ಆ ವರದಿಯ ಒಂದು ಅಂಕಿ.

ಮೊದಲು ಈ ಅಂಕಿಯ ಚಿಂತೆ ಮಾಲೀಕರಿಗೆ ಅಷ್ಟಾಗಿ ಇರಲಿಲ್ಲ, ಯಾಕೆಂದರೆ ಬಿಡುವುದೇ ಕಷ್ಟವಿತ್ತು. ಯುಎಇಯ 1980ರ ಕಾನೂನಿನಲ್ಲಿ, ಅವಧಿ ನಿಗದಿಯಾಗದ ಕರಾರಿನವರು ಮೂರು ವರ್ಷದೊಳಗೆ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯ ಮೂರನೇ ಒಂದು ಪಾಲು, ಐದು ವರ್ಷದೊಳಗಾದರೆ ಮೂರನೇ ಎರಡು ಪಾಲು ಮಾತ್ರ ಸಿಗುತ್ತಿತ್ತು. 2022ರ ಫೆಬ್ರವರಿ 2ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಆ ಕಡಿತ ಹೋಯಿತು. ಒಂದು ವರ್ಷ ಮುಗಿದಿದ್ದರೆ ರಾಜೀನಾಮೆ ಕೊಟ್ಟರೂ ಪೂರ್ತಿ ಲೆಕ್ಕ. (ಮನೆಕೆಲಸದವರಿಗೆ ಬೇರೆ ಕಾನೂನು ಇದೆ, ಈ ಲೆಕ್ಕ ಅವರಿಗೆ ಹೊಂದುವುದಿಲ್ಲ.) ಕತಾರ್‌ನಲ್ಲಿ 2020ರಲ್ಲಿ ಕಂಪೆನಿ ಬದಲಿಸಲು ಎನ್‌ಒಸಿ ಬೇಕೆಂಬ ನಿಯಮ ತೆಗೆದರು. ಹಗ್ಗ ಸಡಿಲವಾಯಿತು. ಇನ್ನು ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳಬೇಕಾದರೆ ನಡತೆಯಿಂದಲೇ ಆಗಬೇಕು.

ಒಬ್ಬ ನುರಿತ ಎಸಿ ಟೆಕ್ನಿಷಿಯನ್ ಬಿಟ್ಟರೆ ಕಂಪೆನಿಗೆ ಏನು ನಷ್ಟ? ಹೊಸಬನಿಗೆ ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ, ಟಿಕೆಟ್. ಅವನು ಬಂದು ಸೈಟು ಅರ್ಥಮಾಡಿಕೊಳ್ಳುವವರೆಗೆ ಉಳಿದವರಿಗೆ ಓವರ್‌ಟೈಮ್. ತಪ್ಪು ರಿಪೇರಿ ಆದರೆ ಮತ್ತೊಮ್ಮೆ ಗಾಡಿ, ಮತ್ತೊಮ್ಮೆ ಸಾಮಾನು, ಗಿರಾಕಿಯ ಬೈಗುಳ. ವಿಚಿತ್ರವೆಂದರೆ ಲೆಕ್ಕದ ಪುಸ್ತಕದಲ್ಲಿ ‘ಕೆಲಸಗಾರ ಬಿಟ್ಟ ಖರ್ಚು’ ಎಂಬ ಖಾತೆಯೇ ಇಲ್ಲ. ವೀಸಾ ಒಂದು ಕಡೆ, ಟಿಕೆಟ್ ಇನ್ನೊಂದು ಕಡೆ, ಓವರ್‌ಟೈಮ್ ಸಂಬಳದ ಒಳಗೆ. ಹಾಗಾಗಿ ಮಾಲೀಕರ ಕಣ್ಣಿಗೆ ಅದು ಬೀಳುವುದಿಲ್ಲ. ಕ್ಯಾಂಪ್‌ನ ಹಳೆಯ ಎಸಿ ಬದಲಿಸದೆ ಉಳಿಸಿದ ದುಡ್ಡು ಮಾತ್ರ ಅದೇ ತಿಂಗಳು ಕಾಣುತ್ತದೆ.

ನೇಮಕಾತಿ ಖರ್ಚಿನ ವಿಷಯವೂ ಹೀಗೆಯೇ. ಯುಎಇ ಕಾನೂನಿನ ಪ್ರಕಾರ ಅದನ್ನು ಕೆಲಸಗಾರರಿಂದ ನೇರವಾಗಿ ಆಗಲಿ ಸುತ್ತುಬಳಸಿ ಆಗಲಿ ವಸೂಲಿ ಮಾಡುವಂತಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟರು ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಆದರೂ ಊರಲ್ಲಿ ಹೆಂಡತಿಯ ಚಿನ್ನ ಅಡವಿಟ್ಟು ಇದರ ಎಷ್ಟೋ ಪಟ್ಟು ಕೊಟ್ಟು ಬಂದವರಿದ್ದಾರೆ. ಬಡ್ಡಿ ತಲೆಯ ಮೇಲಿರುವವನು ಇನ್ನೂರು ದಿರ್ಹಮ್ ಜಾಸ್ತಿ ಸಿಕ್ಕಿದ ಕಡೆ ಹಾರುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ. ಕತಾರ್‌ನ ವಿಶ್ವಕಪ್ ಕಾಮಗಾರಿಗಳಲ್ಲಿ ಅನೇಕ ಗುತ್ತಿಗೆದಾರ ಕಂಪೆನಿಗಳು ಕೆಲಸಗಾರರು ಊರಲ್ಲಿ ಕೊಟ್ಟ ಇಂಥ ಹಣವನ್ನು, ರಸೀದಿ ಕೇಳದೆ, ತಿಂಗಳ ಕಂತಿನಲ್ಲಿ ಮರಳಿಸಲು ಒಪ್ಪಿದ್ದವು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ.

ಬಿಸಿಲಿಗೆ ಬಂದರೆ, ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಹೊರಗಿನ ಕೆಲಸ ನಿಷೇಧ. ತಪ್ಪಿದರೆ ತಲೆಗೆ 5,000 ದಿರ್ಹಮ್, ಗರಿಷ್ಠ 50,000 ದಿರ್ಹಮ್ ದಂಡ. ಕತಾರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2021ರಿಂದ ಬಿಸಿಲು, ತೇವಾಂಶ ಎರಡನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕು ಎಂದಿತು. ಸೆಪ್ಟೆಂಬರ್ 16ಕ್ಕೆ ಸೆಕೆ ಕ್ಯಾಲೆಂಡರ್ ನೋಡಿ ಕಡಿಮೆಯಾಗುವುದಿಲ್ಲ. ಅಂದೂ ನೆರಳು, ನೀರು, ಬಿಡುವು ಕೊಡುವ ಸೂಪರ್‌ವೈಸರ್ ಇರುವ ಕಡೆಯಿಂದ ಜನ ಸುಲಭದಲ್ಲಿ ಕದಲುವುದಿಲ್ಲ.

ಇನ್ನು ಗ್ರಾಚ್ಯುಟಿ. ಮೂಲ ಸಂಬಳ 1,500 ದಿರ್ಹಮ್ ಅಂತ ಇಟ್ಟುಕೊಳ್ಳಿ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಅಂದರೆ 1,050. ಆಮೇಲೆ ವರ್ಷಕ್ಕೆ 30 ದಿನದ್ದು, 1,500. ಎಂಟು ವರ್ಷಕ್ಕೆ 5,250 ಮತ್ತು 4,500 ಸೇರಿ 9,750 ದಿರ್ಹಮ್. ಆದರೆ ಹೆಚ್ಚಿನ ಕಂಪೆನಿಗಳಲ್ಲಿ ಈ ಹಣ ಪುಸ್ತಕದಲ್ಲಿ ಬರೆದ ಬಾಕಿ ಮಾತ್ರ, ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟದ್ದಲ್ಲ. ಕಂಪೆನಿ ಮುಳುಗಿದರೆ ಅದರ ಗತಿ ಕೋರ್ಟಿನ ಬಾಗಿಲು. ಯುಎಇ 2023ರಲ್ಲಿ ತಂದ ಐಚ್ಛಿಕ ಉಳಿತಾಯ ಯೋಜನೆಯಲ್ಲಿ ಮಾಲೀಕರು ತಿಂಗಳು ತಿಂಗಳು ಮೂಲ ಸಂಬಳದ ಶೇ. 5.83, ಐದು ವರ್ಷದ ಮೇಲೆ ಶೇ. 8.33 ಹೊರಗಿನ ನಿಧಿಗೆ ಕಟ್ಟುತ್ತಾರೆ. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ ಸುಮಾರು 87 ದಿರ್ಹಮ್, ಆಮೇಲೆ 125. ಒಂದು ಕಂಪೆನಿ ದೀರ್ಘಕಾಲ ನಿಲ್ಲುವ ಮನಸ್ಸಿನದ್ದೋ ಅಲ್ಲವೋ ಎಂದು ತಿಳಿಯಲು ಛಾವಣಿಯ ಸೋಲಾರ್‌ಗಿಂತ ಇದು ಒಳ್ಳೆಯ ಗುರುತು.

ಹೊಸ ಆಫರ್ ಬಂದಾಗ ಸಂಬಳ ಎಷ್ಟು ಎಂಬುದರ ಜೊತೆಗೆ ಕೇಳಬೇಕಾದ್ದು ಇನ್ನೂ ಇದೆ. ಮೂಲ ಸಂಬಳ ಎಷ್ಟು, ಅಲೋವೆನ್ಸ್ ಎಷ್ಟು? ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ? ಕಳೆದ ಆರು ತಿಂಗಳು ಸಂಬಳ ಯಾವ ತಾರೀಕಿಗೆ ಬಂತು? ಉತ್ತರ ಎಚ್‌ಆರ್‌ಗಿಂತ ಕ್ಯಾಂಪ್‌ನ ಹಳಬರ ಹತ್ತಿರ ಸರಿಯಾಗಿ ಸಿಗುತ್ತದೆ. ಬಿಟ್ಟವರ ಲೆಕ್ಕ ಕಾನೂನು ಹೇಳಿದ 14 ದಿನದೊಳಗೆ ಚುಕ್ತಾ ಮಾಡುವ ಕಂಪೆನಿಗೆ ಕುಂದಾಪುರದಿಂದಲೋ ಬಂಟ್ವಾಳದಿಂದಲೋ ಬಿಟ್ಟವನ ತಮ್ಮ, ಭಾವನೇ ಮುಂದಿನ ಕೆಲಸಕ್ಕೆ ಬಂದು ಸೇರುತ್ತಾನೆ, ಏಜೆಂಟನ ಕಮಿಷನ್ ಇಲ್ಲದೆ.